ವಿಭೂತಿಯ ಕೆಳಗಿನ ತಾರೀಖು

ಭಾನುವಾರ, ಅಕ್ಟೋಬರ್ 5

ಇವತ್ತು ನಾವು ಪೊಲೀಸರಿಗೆ ಸುಳ್ಳು ಹೇಳಿದೆವು. ಕಾರು ಓಡಿಸುತ್ತಿದ್ದವಳು ನಾನು. ಅಪ್ಪ ಓಡಿಸುತ್ತಿದ್ದರು ಎಂದು ಬರೆಸಿದ್ದೇವೆ. ಒಬ್ಬ ಮುದುಕಿಯ ಕಾಲು ಮುರಿದಿದೆ.

ನಿಟ್ಟೂರಿನಲ್ಲಿ ದೊಡ್ಡಮ್ಮನ ಮೊಮ್ಮಗುವಿನ ನಾಮಕರಣ ಮುಗಿಸಿಕೊಂಡು ತುಮಕೂರಿಗೆ ಹಿಂದಿರುಗುತ್ತಿದ್ದೆವು. ಮಂಡಿನೋವೆಂದು ಅಮ್ಮ ಬಂದಿರಲಿಲ್ಲ. ಗುಬ್ಬಿ ಇನ್ನೂ ಮೂರು ನಾಲ್ಕು ಕಿಲೋಮೀಟರ್ ಇರುವಾಗ ಎಡಗಡೆಯಿಂದ ಒಂದು ಹಸಿರು ಗುಡ್ಡ ರಸ್ತೆಗೆ ಇಳಿಯಿತು. ಹುಲ್ಲಿನ ಹೊರೆ. ಅದರ ಕೆಳಗೆ ಮನುಷ್ಯರಿದ್ದಾರೆ ಎಂದು ಹೊಳೆಯುವಷ್ಟರಲ್ಲಿ ಹಾರನ್ ಒತ್ತಿದ್ದೆ, ಬ್ರೇಕ್ ಒತ್ತಿದ್ದೆ, ಗುದ್ದಿದ್ದೆ.

ಅಪ್ಪ ನನ್ನ ಭುಜ ಹಿಡಿದು ಎಳೆದರು. "ಇಳಿ. ಈ ಕಡೆ ಬಂದು ಕೂತ್ಕೊ. ನೀನು ಓಡಿಸ್ತಿರಲಿಲ್ಲ, ಗೊತ್ತಾಯ್ತಾ?"

ನಾನು ಬಂದು ಕೂತೆ. ಇದನ್ನು ಬರೆಯುವಾಗ ಕೈಗೆ ಬೆಂಕಿ ತಗುಲಿದಂತಾಗುತ್ತಿದೆ.

ಸುಳ್ಳಿನ ಅಗತ್ಯವಾದರೂ ಏನಿತ್ತು? ನನ್ನ ಹತ್ತಿರ ಎಲ್ಎಲ್ ಇದೆ, ಕಲಿಯುವವರ ಲೈಸೆನ್ಸು. ಏಜೆಂಟರಿಗೆ ಮುಖ ತೋರಿಸದೆ, ನಾನೇ ಅರ್ಜಿ ಹಾಕಿ, ನಾನೇ ಪರೀಕ್ಷೆ ಬರೆದು ಪಡೆದದ್ದು. ಕಲಿಯುವವರ ಪಕ್ಕದಲ್ಲಿ ಲೈಸೆನ್ಸ್ ಇರುವವರು ಕುಳಿತಿರಬೇಕು. ಅಪ್ಪ ಕುಳಿತಿದ್ದರು. ಅವರ ಲೈಸೆನ್ಸಿಗೆ ನನಗಿಂತ ಹೆಚ್ಚು ವಯಸ್ಸು. ಮುಂದಿನ ಎಲ್ ಬೋರ್ಡಿನ ಮೇಲೆ ಅಮ್ಮನ ಆಯುಧಪೂಜೆಯ ಹಾರ ಇಳಿಬಿದ್ದಿತ್ತು, ನಿಜ. ಆದರೆ ಬೋರ್ಡು ಇತ್ತು. ಕಾನೂನು ನಮ್ಮ ಕಡೆಗಿದ್ದಾಗಲೂ ಅಪ್ಪ ಸುಳ್ಳನ್ನೇ ಆರಿಸಿಕೊಂಡರು. ಖಾಕಿ ಬಣ್ಣ ಕಂಡೊಡನೆ ಬೆನ್ನು ಬಾಗಿಸುವ ಇಂಥ ಸಾಧು ಜನರಿಂದಲೇ ವ್ಯವಸ್ಥೆ ಕೊಬ್ಬಿರುವುದು.

ಠಾಣೆಗೆ ಹೋಗುವಾಗ ನಾನು ಸಿದ್ಧಳಾಗಿದ್ದೆ. ನಾನು ಕೆಲಸ ಮಾಡುವ ಪ್ರೆಸ್ಸಿನಲ್ಲಿ ನಾನೇ ಡಿಟಿಪಿ ಮಾಡಿದ 'ಠಾಣೆಯಲ್ಲಿ ನಿಮ್ಮ ಹಕ್ಕುಗಳು' ಕರಪತ್ರದ ಹದಿನಾಲ್ಕು ಅಂಶಗಳೂ ಬಾಯಿಗೆ ಬರುತ್ತವೆ. ಗುಬ್ಬಿಯಲ್ಲಿ ನಮ್ಮ ಕೇಸು ತೆಗೆದುಕೊಂಡವರು ಎಎಸ್‌ಐ ಮಂಜುಳಮ್ಮ ಎಂಬುವರು. ದಪ್ಪ ಕನ್ನಡಕ, ಮೇಜಿನ ಮೇಲೆ ಅರ್ಧ ತಿಂದ ಚಿತ್ರಾನ್ನದ ಡಬ್ಬಿ.

"ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಎಮಿಷನ್," ಎಂದರು.

"ಪೂಜೇಲವೆ ಮೇಡಂ," ಎಂದರು ಅಪ್ಪ.

"ಎಲ್ಲಿ?"

"ಪೂಜೇಲಿ. ಆಯುಧಪೂಜೆಗೆ ಇಟ್ಟಿದ್ದು. ನಮ್ಮನೇಲಿ ಸೋಮವಾರ ಬಿಲ್ವಪತ್ರೆ ಏರಿಸಿದ ಮೇಲೇ ಎತ್ತೋದು."

"ಕಾರನ್ನೂ ಪೂಜೆಗೆ ಇಟ್ಟಿದ್ರಲ್ವಾ? ಅದನ್ಯಾಕೆ ಮುಂಚೇನೇ ಎತ್ಕೊಂಡ್ ಬಂದ್ರಿ?"

ಹಿಂದಿನ ಬೆಂಚಿನಲ್ಲಿದ್ದ ಯಾರೋ ನಕ್ಕರು. ಅಪ್ಪನೂ ನಗಲು ನೋಡಿದರು, ಆಗಲಿಲ್ಲ. ಮೊಬೈಲಿನಲ್ಲಿ ತೋರಿಸಿ ಎಂದರೆ ಅಪ್ಪನದು ಹಳೆಯ ಪುಸ್ತಕದ ಲೈಸೆನ್ಸು, ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ. ಏಳು ದಿನದೊಳಗೆ ಎಲ್ಲ ಅಸಲು ಕಾಗದ ತಂದು ತೋರಿಸಬೇಕು, ಅಲ್ಲಿಯವರೆಗೆ ಕಾರು ಇಲ್ಲೇ ಇರುತ್ತದೆ ಎಂದರು ಮಂಜುಳಮ್ಮ. ಕೈ ಚಾಚಲಿಲ್ಲ, ಗದರಲಿಲ್ಲ. ನನ್ನ ಹದಿನಾಲ್ಕು ಅಂಶಗಳಲ್ಲಿ ಒಂದನ್ನೂ ಬಳಸಲು ಅವಕಾಶ ಸಿಗಲಿಲ್ಲ.

ಆಮೇಲೆ ಅವರು ಬರೆದದ್ದನ್ನು ಗಟ್ಟಿಯಾಗಿ ಓದಿದರು. ಎಲ್ಲವನ್ನೂ ಓದಿದರು. ಅಪ್ಪನ ಹೆಸರು, ಅಜ್ಜನ ಹೆಸರು, ಮನೆ ನಂಬರು, ರಸ್ತೆ, ಹೊತ್ತು. ಪೂಜಾರಿ ಸಂಕಲ್ಪ ಹೇಳುವ ಹಾಗೆ, ಒಂದು ಅಕ್ಷರವನ್ನೂ ನುಂಗದೆ. ಅವರು ಯಾವಾಗಲೂ ಹೀಗೇ ಓದುತ್ತಾರಂತೆ. ಕೇಳದೆ ಸಹಿ ಹಾಕಲು ಬಂದವರ ಕೈಯಿಂದ ಪೆನ್ನು ಕಿತ್ತುಕೊಳ್ಳುತ್ತಾರಂತೆ. "ಸದರಿ ಕಾರನ್ನು ನಾನೇ ಚಾಲನೆ ಮಾಡುತ್ತಿದ್ದು" ಎಂಬಲ್ಲಿಗೆ ಬಂದು ನಿಲ್ಲಿಸಿದರು.

"ಸರಿಯಿದೆಯಾ?"

"ಸರಿಯಿದೆ," ಎಂದರು ಅಪ್ಪ.

ನಮ್ಮ ಸುಳ್ಳು ಇಷ್ಟು ಸ್ಪಷ್ಟವಾದ ದನಿಯಲ್ಲಿ ಕೇಳಿಸುತ್ತದೆ ಎಂದು ನಾನು ಎಣಿಸಿರಲಿಲ್ಲ.


ಸೋಮವಾರ, ಅಕ್ಟೋಬರ್ 6

ಬೆಳಿಗ್ಗೆ ಅಮ್ಮ ಸ್ನಾನ ಮಾಡಿ, ಬಿಲ್ವಪತ್ರೆ ಏರಿಸಿ, ಕಾಗದಗಳನ್ನು ದೇವರ ಜಗಲಿಯಿಂದ ಕೆಳಗಿಳಿಸಿದರು. ಎರಡೂ ಕೈಯಲ್ಲಿ, ಹಸುಗೂಸನ್ನು ಎತ್ತಿಕೊಳ್ಳುವ ಹಾಗೆ. ಮೂಢನಂಬಿಕೆಯ ಬಗ್ಗೆ ನಾನು ಮಾಡುವ ಭಾಷಣ ಅವರಿಗೆ ಬಾಯಿಪಾಠ. ಇವತ್ತು ಅವರೇ ಮೊದಲು, "ಈಗೊಂದು ಮಾತಾಡಬೇಡ ಕಣೇ ಕಾವ್ಯ," ಎಂದರು.

ಆರ್‌ಸಿ, ಇನ್ಶೂರೆನ್ಸ್ ಸರಿಯಾಗಿವೆ. ಅಪ್ಪನ ಲೈಸೆನ್ಸ್ ಪುಸ್ತಕ ಮಾತ್ರ ಬೂದಿಯ ಬಿಲ್ಲೆಯಂತಾಗಿದೆ. ಅಮ್ಮ ಪ್ರತಿ ವರ್ಷ ಅದರ ಕೊನೆಯ ಪುಟ ಬಿಡಿಸಿ, ಅಲ್ಲಿರುವ ಸರ್ಕಾರದ ಮುದ್ರೆಯ ಮೇಲೇ ಮೂರು ಬೆರಳು ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟಿದ್ದಾರೆ. ಮುದ್ರೆ ಇರುವ ಕಡೆ ಶಕ್ತಿ ಇರುತ್ತದೆ ಎಂದು ಅವರ ನಂಬಿಕೆ. ವರ್ಷದ ಮೇಲೆ ವರ್ಷದ ವಿಭೂತಿ ಗಟ್ಟಿಕಟ್ಟಿ ಒಂದು ಅಕ್ಷರವೂ ಕಾಣುವುದಿಲ್ಲ.

"ಹಿಂಗೇ ತಗೊಂಡು ಹೋದ್ರೆ ಆ ಯಮ್ಮ ನನ್ನೇ ಒಳಗೆ ಹಾಕ್ತಾರೆ," ಎಂದರು ಅಪ್ಪ.

"ಮೋಹನನ ಹತ್ರ ಕೊಡಿ. ಅವನಿಗೆ ಕಾಗದ ಅಂದ್ರೆ ನೀರು ಕುಡಿದಂಗೆ," ಎಂದರು ಅಮ್ಮ.

ಮೋಹನ್‌ಕುಮಾರ್ ನನ್ನ ಸೋದರಮಾವ. ಕುಣಿಗಲ್ಲಿನಲ್ಲಿ ಆರ್‌ಟಿಒ ಕಾಗದಪತ್ರ ಮಾಡಿಸಿಕೊಡುವ ಏಜೆಂಟ್. ನಾನು ಅವರ ಅಂಗಡಿಯ ಹೊಸಿಲು ತುಳಿಯುವುದಿಲ್ಲ ಎಂದು ಎರಡು ವರ್ಷದ ಹಿಂದೆ ಎಲ್ಲರೆದುರು ಹೇಳಿದ್ದೆ.


ಮಂಗಳವಾರ, ಅಕ್ಟೋಬರ್ 7

ತುಳಿದೆ. ಅಪ್ಪನೊಬ್ಬರೇ ಬಸ್ಸಿನಲ್ಲಿ ಹೋಗುವುದು ನೋಡಲಾಗಲಿಲ್ಲ ಎಂದು ಹೇಳಿಕೊಳ್ಳುತ್ತೇನೆ. ನಿಜವಾದ ಕಾರಣ, ಮನೆಯಲ್ಲಿ ಸುಮ್ಮನೆ ಕೂರುವುದು ಆಗುತ್ತಿಲ್ಲ.

"ಏನ್ಲೇ ಕ್ರಾಂತಿಕಾರಿ, ದಾರಿ ತಪ್ಪಿ ಬಂದ್ಯಾ?" ಎಂದರು ಮಾವ. "ಬಾ ಬಾ. ಕಾಫಿಗೆ ಹೇಳ್ಲಾ? ಲಂಚದ ದುಡ್ಡಿನ ಕಾಫಿ, ಕುಡೀತೀಯಾ?"

ನಾನು ಕಾಫಿ ಕುಡಿಯಲಿಲ್ಲ.

ಮಾವ ಪುಸ್ತಕವನ್ನು ಕೈಗೆ ತೆಗೆದುಕೊಂಡ ಮೇಲೆ ಬೇರೆಯೇ ಮನುಷ್ಯರಾದರು. ಒಂದು ಚೂರು ಹತ್ತಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಪುಟದ ಅಂಚಿನಿಂದ ಶುರುಮಾಡಿದರು. ಒತ್ತುವುದಿಲ್ಲ, ಉಜ್ಜುವುದಿಲ್ಲ, ಹತ್ತಿ ಇಟ್ಟು, ಕಾದು, ಎತ್ತುವುದು. ಹತ್ತಿ ಬದಲಾಯಿಸಿ ಮತ್ತೆ ಇಟ್ಟು, ಕಾದು, ಎತ್ತುವುದು. ಬಿಳಿ ಪದರದ ಕೆಳಗಿನಿಂದ ಮೊದಲು ನೇರಳೆ ಶಾಯಿಯ ಒಂದು ಗೆರೆ ಬಂತು, ಆಮೇಲೆ ಮುದ್ರೆಯ ಕಾಲುಭಾಗ, ಆಮೇಲೆ ಒಂದು ಅಂಕಿ. ಗಿರಾಕಿಗಳು ಬಂದು ನಿಂತರೂ ಅವರು ತಲೆ ಎತ್ತಲಿಲ್ಲ. ಈ ಮನುಷ್ಯನನ್ನು ನಾನು ದಲ್ಲಾಳಿ ಎಂದು ಕರೆದಿದ್ದೇನೆ. ದಲ್ಲಾಳಿಯೇ. ಆದರೆ ಒಂದು ಕಾಗದವನ್ನು ಇಷ್ಟು ಗೌರವದಿಂದ ಮುಟ್ಟುವವರನ್ನು ನಾನು ನಮ್ಮ ಪ್ರೆಸ್ಸಿನಲ್ಲೂ ಕಂಡಿಲ್ಲ.

ಆಮೇಲೆ ಅವರು ಪುಸ್ತಕವನ್ನು ಬೆಳಕಿಗೆ ಹಿಡಿದರು. ಹಿಡಿದೇ ಇದ್ದರು.

"ಬಾವ, ಕೊನೇ ಸಲ ರಿನ್ಯೂವಲ್ ಮಾಡ್ಸಿದ್ದು ಯಾವಾಗ?"

"ಮಾಡ್ಸಿದೀನಲ್ಲ, ಅದೇ…"

"ಎರಡು ಸಾವಿರದ ಹತ್ತೊಂಬತ್ತಕ್ಕೆ ಮುಗಿದೈತೆ. ಆರು ವರ್ಷ ಆಯ್ತು. ಅಕ್ಕ ಇಷ್ಟು ವರ್ಷ ಪೂಜೆ ಮಾಡ್ತಾ ಇರೋದು ಹೆಣಕ್ಕೆ."

ಅಪ್ಪ ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತರು. ಅವರು ಸಹಕಾರ ಸಂಘದಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದವರು. ಬೇರೆಯವರ ಕಾಗದದಲ್ಲಿ ಒಂದು ತಾರೀಖು ತಪ್ಪಲು ಬಿಟ್ಟವರಲ್ಲ. ಬೈಯಬೇಕೆಂದು ಬಾಯಿ ತೆರೆದೆ. ಆಗ ನೆನಪಾಯಿತು: ಪ್ರತಿ ವರ್ಷ ಆ ಪುಸ್ತಕದ ಮುಂದೆ ಮಂಗಳಾರತಿ ತೆಗೆದುಕೊಂಡವಳು ನಾನೂ ಹೌದು. 'ನಿಮ್ಮ ದಾಖಲೆಗಳ ಅವಧಿ ಪರಿಶೀಲಿಸಿಕೊಳ್ಳಿ' ಎಂದು ಎರಡು ಸಾವಿರ ಪ್ರತಿ ಅಚ್ಚು ಹಾಕಿಸಿದವಳೂ ನಾನೇ. ಒಮ್ಮೆಯೂ ಆ ಪುಟ ಬಿಡಿಸಿ ನೋಡಲಿಲ್ಲ.

ಅಪ್ಪನ ಲೈಸೆನ್ಸ್ ಸತ್ತಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿದ ನನ್ನ ಎಲ್ಎಲ್ ಕೂಡ ಆ ದಿನ ಏನೂ ಅಲ್ಲ. ಕಾನೂನು ನಮ್ಮ ಕಡೆಗಿತ್ತು ಎಂದು ಭಾನುವಾರ ಬರೆದಿದ್ದೇನೆ. ಇರಲಿಲ್ಲ.

ಮಾವ ಬಾಗಿಲು ಅರ್ಧ ಎಳೆದು ಹೇಳಿದರು. "ನೋಡಿ, ಡ್ರೈವರಿಗೆ ಲೈಸೆನ್ಸ್ ಇಲ್ಲ ಅಂದ್ರೆ ಇನ್ಶೂರೆನ್ಸಿನವರು ತಕರಾರು ತೆಗೀತಾರೆ. ಆ ಅಜ್ಜಿ ಕೋರ್ಟು ಅಲೀಬೇಕು. ಕೊನೇಗೆ ಬಂದು ನಿಮ್ಮ ತಲೆ ಮೇಲೆ ಕೂರುತ್ತೆ. ಅದಕ್ಕೆ, ಓಡಿಸ್ತಿದ್ದವನು ನಾನು."

"ನೀನು ಅಲ್ಲಿ ಇರ್ಲೇ ಇಲ್ವಲ್ಲೋ," ಎಂದರು ಅಪ್ಪ.

"ಇದ್ದೆ. ಗಾಬರಿ ಬಿದ್ದು ಆಟೋ ಕರೆಯೋಕೆ ಓಡಿದೆ. ಬಾವಮೈದನ್ನ ಉಳಿಸೋಕೆ ನೀವು ಸುಳ್ಳು ಹೇಳಿದ್ರಿ. ಈಗ ಮನಸ್ಸು ತಡೀದೆ ಇಬ್ರೂ ಬಂದು ಒಪ್ಕೊಂತಾ ಇದೀವಿ. ಪೊಲೀಸರಿಗೆ ತಪ್ಪೊಪ್ಪಿಗೆ ಅಂದ್ರೆ ಬಲೇ ಇಷ್ಟ. ನಂದು ಲೈಸೆನ್ಸ್ ಪಕ್ಕಾ ಐತೆ. ಅಜ್ಜಿಗೂ ದುಡ್ಡು ಬರ್ತದೆ, ನಿಮಗೂ ನಿದ್ದೆ ಬರ್ತದೆ. ಅಜ್ಜಿ ಮಾತ್ರ ಹುಡುಗೀನ ನೋಡ್ದೆ ಅನ್ನಬಾರದು. ಅದನ್ನ ನೀನು ಹೋಗಿ ಮಾತಾಡು ಕಾವ್ಯ. ಜನಗಳ ಪರ ಮಾತಾಡೋದು ನಿಂಗೆ ಬರ್ತದಲ್ಲ."

ಇದು ಸುಳ್ಳು ಎಂದು ಕೂಗಬೇಕಿತ್ತು. ಆದರೆ ಈ ಸುಳ್ಳಿನಿಂದ ಆ ಮುದುಕಿಗೆ ಒಳ್ಳೆಯದಾಗುತ್ತದೆ, ನಿಜದಿಂದ ಕೆಟ್ಟದ್ದಾಗುತ್ತದೆ. ಇಂಥದ್ದು ನಾನು ಓದಿದ ಯಾವ ಕರಪತ್ರದಲ್ಲೂ ಇಲ್ಲ. ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ತಿರುಗಿ ಕುಳಿತಿದ್ದರು.


ಬುಧವಾರ, ಅಕ್ಟೋಬರ್ 8

ಪ್ರೆಸ್ಸಿಗೆ ಹೋದೆ. ಏನೂ ಬರೆಯಲು ಇಷ್ಟವಿಲ್ಲ.


ಗುರುವಾರ, ಅಕ್ಟೋಬರ್ 9

ಇವತ್ತು ಕಂಡದ್ದನ್ನು ಕಂಡ ಹಾಗೇ ಬರೆಯಬೇಕು.

ಮುದುಕಿಯ ಹೆಸರು ಗಿರಿಯಮ್ಮ. ಗುಬ್ಬಿಯಿಂದ ತುಮಕೂರಿನ ದೊಡ್ಡಾಸ್ಪತ್ರೆಗೆ ಕಳಿಸಿದ್ದಾರೆ ಎಂದು ಗೊತ್ತಿತ್ತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಮೂಸಂಬಿ ಹಿಡಿದುಕೊಂಡು ಹೋದೆ. ಮಾವ ಹೇಳಿದ್ದನ್ನು ಗಿರಿಯಮ್ಮನಲ್ಲಿ ಕೇಳಲು ಹೋದೆನೋ, ಕೇಳಬಾರದೆಂದು ಹೋದೆನೋ, ವಾರ್ಡಿನ ಬಾಗಿಲವರೆಗೂ ನನಗೇ ತಿಳಿದಿರಲಿಲ್ಲ.

ಬಾಗಿಲಲ್ಲೇ ಕಾಲು ನಿಂತುಬಿಟ್ಟಿತು. ಗಿರಿಯಮ್ಮನ ಮಂಚದ ಪಕ್ಕ ಮಂಜುಳಮ್ಮ ಕುಳಿತಿದ್ದರು, ಬೆನ್ನು ನನ್ನ ಕಡೆಗೆ. ತೊಡೆಯ ಮೇಲೆ ರಟ್ಟು, ಅದರ ಮೇಲೆ ಹಾಳೆ. ಹೇಳಿಕೆ ಬರೆದುಕೊಂಡಾಗಿತ್ತು. ಓದಿ ಹೇಳುತ್ತಿದ್ದರು, ಅದೇ ದನಿಯಲ್ಲಿ. ಎಂಟು ಮಂಚದ ವಾರ್ಡು ಪೂರ್ತಿ ಕೇಳಿಸಿಕೊಳ್ಳುತ್ತಿತ್ತು. ಒಬ್ಬಳು ಬಾಳೆಹಣ್ಣು ಸುಲಿಯುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿದ್ದಳು.

"'…ಕಾರು ಅತಿ ವೇಗವಾಗಿ ಬಂದು' ಅಂತ ಬರೆದಿದೀನಿ ಅಜ್ಜಿ. ಸರೀನಾ?"

"ಅತಿ ಅಂತ ನಾನೆಲ್ಲಿ ಅಂದೆ? ಬಂತು ಅಂದೆ. ಎಷ್ಟು ಜೋರು ಅಂತ ನಂಗೇನು ಗೊತ್ತವ್ವ? ಹೊಡೆದಾಕಿ ಅದನ್ನ."

ಮಂಜುಳಮ್ಮ ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ, ಮುಂದೆ ಓದಿದರು. "'ಓಡಿಸುತ್ತಿದ್ದವರನ್ನು ನಾನು ನೋಡಿರುವುದಿಲ್ಲ.' ನಿಜವಾಗ್ಲೂ ನೋಡ್ಲಿಲ್ವಾ? ಗಂಡಸೋ ಹೆಂಗಸೋ ಅಷ್ಟಾದ್ರೂ?"

ನನ್ನ ಕೈಯಲ್ಲಿದ್ದ ಮೂಸಂಬಿ ಚೀಲ ಸದ್ದು ಮಾಡಿದ್ದಕ್ಕೆ ಎದೆಗೆ ಅವುಚಿಕೊಂಡೆ.

"ಹೊರೆ ತಲೆ ಮ್ಯಾಲಿತ್ತು ಕಣವ್ವ. ಹುಲ್ಲು ಕಣ್ಣ ಮ್ಯಾಕೆ ಇಳಿಬಿದ್ದಿತ್ತು. ಕಾಣ್ದಿದ್ದನ್ನ ಕಂಡೆ ಅನ್ನಾಕಾಯ್ತದಾ? ಇನ್ನೊಂದು ಬರ್ಕಳಿ. ಹಾರನ್ ಕೇಳುಸ್ತು. ನಾನು ನಿಲ್ಬೇಕಾಗಿತ್ತು. ಹಸ ಕಾಯ್ತಾ ಐತೆ ಅಂತ ನಿಲ್ದಂಗೆ ಇಳಿದ್ಬುಟ್ಟೆ."

ಪಕ್ಕದ ಮಂಚದ ಹೆಂಗಸು ಎದ್ದೇ ಕುಳಿತಳು. "ಅಯ್ಯೋ ನಿನ್ನ! ಹಂಗನ್ನಬ್ಯಾಡ ಕಣಜ್ಜಿ, ಒಂದು ಕಾಸೂ ಹುಟ್ಟಾಕಿಲ್ಲ. ಮೇಡಂ, ಅದನ್ನ ಬರೀಬ್ಯಾಡಿ, ಜ್ವರದಾಗೆ ಏನೋ ಅಂತಾವ್ಳೆ."

"ಜ್ವರ ನಿಂಗೆ ಬಂದೈತೆ," ಎಂದಳು ಗಿರಿಯಮ್ಮ. "ಕಾಸು ಬರ್ಲಿ ಬುಡ್ಲಿ. ನಿಲ್ಲಲಿಲ್ಲವಲ್ಲ ನಾನು."

ಮಂಜುಳಮ್ಮ ಹಾಳೆಯಿಂದ ಪೆನ್ನು ಎತ್ತಿದರು. "ಅಜ್ಜಿ, ಇದನ್ನ ಬರೆದ್ರೆ ನಿಮಗೇ ಕಷ್ಟ ಆಗ್ಬಹುದು. ಗೊತ್ತಲ್ಲ?"

"ಅದನ್ನೂ ಹೇಳಿಬುಟ್ರಲ್ಲ, ಆಯ್ತು. ಬರೀರಿ."

ಬರೆದರು. ಮೊದಲಿನಿಂದ ಪೂರ್ತಿ ಓದಿದರು. ಗಿರಿಯಮ್ಮ ಕಣ್ಣು ಮುಚ್ಚಿಕೊಂಡು, ಪುರಾಣ ಕೇಳುವವರ ಹಾಗೆ ಒಂದೊಂದು ಮಾತಿಗೂ ಹೂಂಗುಟ್ಟುತ್ತಿದ್ದಳು. ಕೊನೆಗೆ ಹೆಬ್ಬೆಟ್ಟು ಒತ್ತಿದಳು. ಶಾಯಿ ಒರೆಸಿಕೊಳ್ಳಲು ಮಂಜುಳಮ್ಮ ತಮ್ಮ ಕರವಸ್ತ್ರ ಕೊಟ್ಟರು. ಇಬ್ಬರು ಹೆಂಗಸರು, ಒಂದು ರಟ್ಟು, ಒಂದು ಹಾಳೆ. ಅಷ್ಟೇ ಇದ್ದದ್ದು. ಆದರೂ ಅಲ್ಲಿ ಚಪ್ಪಲಿ ಬಿಟ್ಟು ನಿಲ್ಲಬೇಕು ಎನ್ನಿಸಿತು.

ಏಳುವಾಗ ಮಂಜುಳಮ್ಮ ನನ್ನನ್ನು ನೋಡಿದರು. "ವೀರಭದ್ರಯ್ಯನವರ ಮಗಳಲ್ವಾ? ಏನಮ್ಮ ಬಂದಿದ್ದು?"

"ಅಜ್ಜೀನ ನೋಡೋಕೆ."

"ನೋಡು. ಭಾನುವಾರಕ್ಕೆ ಏಳು ದಿನ ಮುಗಿಯುತ್ತೆ," ಎಂದು ಹೊರಟರು. ಆಗಲೇ ಹೇಳಬಹುದಿತ್ತು. ಹೇಳಲಿಲ್ಲ.

ಗಿರಿಯಮ್ಮ ಮೂಸಂಬಿ ಚೀಲವನ್ನು ತೂಕ ನೋಡುವಂತೆ ಎತ್ತಿ ನೋಡಿದಳು. "ಯಾರವ್ವ ನೀನು?"

"ಆ ಕಾರಿನವರ ಮಗಳು."

"ಹೌದಾ? ನಿಮ್ಮಪ್ಪ ಹೆಂಗವ್ನೆ? ಪಾಪ, ನನಗಿಂತ ಅವನೇ ನಡುಗ್ತಿದ್ದ. ರೋಡ್ನಾಗೆ ಕುಂತ್ಕಂಡು ನನ್ನ ತಲೆ ತೊಡೆ ಮ್ಯಾಲೆ ಇಟ್ಕಂಡಿದ್ದ, ಗಾಡಿ ಬರೋಗಂಟ. ಟವಲ್ನಾಗೆ ಬಿಸಿಲು ಮರೆ ಮಾಡಿದ್ದ. ಹೆದ್ರಬ್ಯಾಡ ಅಂತ ಹೇಳು." ಆಮೇಲೆ ಕೇಳಿದಳು, "ಆ ಹೊರೆ ಏನಾಯ್ತು? ಯಾರಾನ ಹಸಿಗೆ ಹಾಕುದ್ರಾ?"

ನನಗೆ ಗೊತ್ತಿರಲಿಲ್ಲ. ಹೊರೆಯ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ಅಪ್ಪ ರಸ್ತೆಯ ಮೇಲೆ ಕುಳಿತದ್ದನ್ನೂ ನೋಡಿರಲಿಲ್ಲ. ನಾನು ಎಡಗಡೆ ಸೀಟಿನಲ್ಲಿ ಕುಳಿತು, ಅವರ ಮೇಲೆ ಏನೇನು ಬರೆಯಬೇಕೆಂದು ಯೋಚಿಸುತ್ತಿದ್ದೆ.


ಶುಕ್ರವಾರ, ಅಕ್ಟೋಬರ್ 10

ಬೆಳಿಗ್ಗೆ ನಿಟ್ಟೂರಿನ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಅವರು ಗಿರಿಯಮ್ಮನ ಊರಿನವರನ್ನು ವಿಚಾರಿಸಿ ಹೇಳಿದರು. ಗಿರಿಯಮ್ಮನ ಹಸುವನ್ನು ಪಕ್ಕದ ಮನೆಯ ನರಸಯ್ಯ ನೋಡಿಕೊಳ್ಳುತ್ತಿದ್ದಾರಂತೆ. ಆ ದಿನದ ಹೊರೆಯನ್ನೂ ಅವರೇ ಹೊತ್ತೊಯ್ದು ಹಾಕಿದರಂತೆ. ಮಧ್ಯಾಹ್ನ ಆಸ್ಪತ್ರೆಗೆ ಹೋಗಿ ಹೇಳಿದೆ. "ಹಂಗಾರೆ ಸರಿ," ಎಂದು ಗಿರಿಯಮ್ಮ ಮಗ್ಗುಲಾದಳು. ಅವಳಿಗೆ ಇನ್ನೊಂದನ್ನೂ ಹೇಳಿದೆ, ಓಡಿಸುತ್ತಿದ್ದವಳು ನಾನು ಎಂದು. ಬಹಳ ಹೊತ್ತು ನನ್ನ ಕೈಗಳನ್ನೇ ನೋಡಿದಳು. "ಇಷ್ಟು ಸಣ್ಣ ಕೈಯಾಗಾ?" ಎಂದಳು. "ನಂಗೆ ಹೇಳಿ ಏನು ಮಾಡೀಯೆ? ಆ ಯಮ್ಮಂಗೆ ಹೇಳು. ಅವ್ಳು ಓದುದ್ರೆ ನಂಗೂ ಕೇಳುಸ್ತದೆ."

ಸಂಜೆ ಅಪ್ಪ ವರಾಂಡದಲ್ಲಿ ಕುಳಿತಿದ್ದರು. ಮಾವನ ಜೊತೆ ನಾಳೆ ಠಾಣೆಗೆ ಹೋಗುವುದೆಂದು ಮಾತಾಗಿತ್ತು. ಅವರ ಪಕ್ಕ ನೆಲದ ಮೇಲೆ ಕುಳಿತು, ವಾರ್ಡಿನಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ. ಹೊಡೆದುಹಾಕಿಸಿದ 'ಅತಿ', ಕೇಳಿಸಿದ ಹಾರನ್, ಹೆಬ್ಬೆಟ್ಟು. ಟವಲಿನ ವಿಷಯವನ್ನೂ ಹೇಳಿದೆ. ಅಪ್ಪ ಮುಖ ಒರೆಸಿಕೊಂಡರು.

"ಅಪ್ಪ, ಅವಳು ಯಾರನ್ನೂ ನೋಡಿಲ್ಲ. ಮಾವ ಹೇಳಿದ ಹಾಗೆ ಹೇಳಿದರೆ ಯಾರಿಗೂ ಗೊತ್ತಾಗಲ್ಲ. ಆದರೆ ನನ್ನ ಕೈಲಿ ಆಗಲ್ಲ. ನಿಮ್ಮನ್ನ ಬಿಟ್ಟು ಹೇಳೋಕೂ ಆಗಲ್ಲ."

"ನಿನ್ನ ಮೇಲೆ ಕೇಸಾಗುತ್ತೆ ಕಣೇ."

"ಆಗುತ್ತೆ."

"ನನ್ನ ಮೇಲೂ. ಸುಳ್ಳು ಬರೆಸಿದ್ದಕ್ಕೆ, ಲೈಸೆನ್ಸ್ ಇಲ್ಲದೆ ನಿನ್ನ ಕೈಗೆ ಕಾರು ಕೊಟ್ಟಿದ್ದಕ್ಕೆ. ಇನ್ಶೂರೆನ್ಸು ಕೈ ಎತ್ತಿದ್ರೆ ಅಜ್ಜಿ ಗತಿ?"

ಒಳಗಿನಿಂದ ಅಮ್ಮ ಹೇಳಿದರು, "ಕಾರು ಮಾರೋಣ. ಅದೇನು ನಮ್ಮ ಹೊಟ್ಟೇಲಿ ಹುಟ್ಟಿದ್ದಾ?" ಪೂಜೆ ಮಾಡಿದವರ ಬಾಯಿಂದಲೇ ಬಂತು.

ಅಪ್ಪ ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟರು. ಮಂಜುಳಮ್ಮನ ನಂಬರು ಹಾಕಿ ಸ್ಪೀಕರ್ ಒತ್ತಿದೆ. ಹಿಂದೆ ಬಸ್ಸಿನ ಸದ್ದು, ಯಾರದೋ ಜಗಳ. ನಾಲ್ಕು ವಾಕ್ಯದಲ್ಲಿ ಹೇಳಿದೆ. ಜಗಳದ ಸದ್ದು ದೂರವಾಯಿತು, ಅವರು ಪಕ್ಕಕ್ಕೆ ಸರಿದಿರಬೇಕು.

"ಅಪ್ಪ ಪಕ್ಕದಲ್ಲಿದಾರಾ?"

"ಇದೀನಿ ಮೇಡಂ."

"ಮಗಳು ಹೇಳಿದ್ದು?"

ಅಪ್ಪ ನನ್ನ ಕಡೆ ನೋಡಿದರು. "ಸರಿಯಿದೆ," ಎಂದರು.

"ಹಂಗಾದ್ರೆ ನಾಳೆ ಬೆಳಿಗ್ಗೆ ಇಬ್ರೂ ಬನ್ನಿ. ಮೊದಲಿಂದ ಬರೀಬೇಕು. ಎಲ್ಲ ಅಸಲು ಕಾಗದ ತನ್ನಿ, ಅವಧಿ ಮುಗಿದಿರೋದನ್ನೂ. ಹುಡುಗಿ ಎಲ್ಎಲ್ಲೂ." ಮತ್ತೆ ಹೇಳಿದರು, "ಓದಿ ಹೇಳ್ತೀನಿ. ಹೊತ್ತು ಹಿಡಿಯುತ್ತೆ, ತಿಂದ್ಕೊಂಡು ಬನ್ನಿ."

ಅಮ್ಮ ಮಾವನಿಗೆ ಫೋನ್ ಮಾಡಿ ಬರಬೇಡ ಎಂದರು. ಅವರು ಕೂಗಾಡಿದ್ದು ಇಲ್ಲಿಗೂ ಕೇಳಿಸಿತು.

ಓಡಿಸಲು ನಮ್ಮಿಬ್ಬರಲ್ಲಿ ಯಾರಿಗೂ ಹಕ್ಕಿಲ್ಲ, ಕಾರೂ ಅಲ್ಲೇ ಇದೆ. ಬೆಳಿಗ್ಗೆ ಎಂಟೂವರೆ ಬಸ್ಸು ಹಿಡಿಯಬೇಕು. ಅಪ್ಪ ಬಿಳಿ ಅಂಗಿ ಇಸ್ತ್ರಿ ಮಾಡುತ್ತಿದ್ದಾರೆ, ನನ್ನದನ್ನೂ ಕೇಳಿ ತೆಗೆದುಕೊಂಡು ಹೋದರು.

ನಾಳೆ, ಶನಿವಾರ, ಬೆಳಿಗ್ಗೆ ಹತ್ತೂವರೆ, ಗುಬ್ಬಿ ಠಾಣೆ.